ಕಂಪ್ಯೂಟರಿನಲ್ಲಿ ಕಾಲುವೆ ಹರಿಸಿದ್ದು

ಒಂದು ಚಿತ್ರ ಮೂಡುವುದಕ್ಕೆ ಹನ್ನೆರಡು ನಿಮಿಷ. ಶಹಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು, ಗೋಡೆ ಗಡಿಯಾರ ನೋಡಿ ಲೆಕ್ಕ ಹಿಡಿದಿದ್ದೆ. ಪರದೆಯ ಮೇಲೆ ಸಾಲು ಸಾಲಾಗಿ ಮೊದಲು ಆಕಾಶ ಇಳಿಯುತ್ತಿತ್ತು, ಆಮೇಲೆ ಗುಡ್ಡ, ಆಮೇಲೆ ಕಾಲುವೆ. ನೀರು ಬಂತೆಂದರೆ ಯಂತ್ರ ಏದುಸಿರು ಬಿಡುತ್ತಿತ್ತು. ನೀರಿನಲ್ಲಿ ಆಕಾಶ ಹೊಳೆಯಬೇಕು, ದಡದ ಜಾಲಿಗಿಡ ಅಲುಗಬೇಕು, ಅದರ ಲೆಕ್ಕವೆಲ್ಲ ಪಾಪ ಅದೇ ಮಾಡಬೇಕು. ಇದಕ್ಕೆ ರೆಂಡರಿಂಗ್ ಎನ್ನುತ್ತಾರೆಂದು ನಾನು ಕಲಿತದ್ದೂ ಆಗಲೇ.

ಕಾಲುವೆ ಆಫೀಸಿನ ಸಾಹೇಬರಿಗೆ ಎರಡು ನಿಮಿಷ ಓಡುವ ಚಿತ್ರ ಬೇಕಿತ್ತು. ನಾರಾಯಣಪುರದಿಂದ ಬಿಟ್ಟ ನೀರು ಯಾವ ತೂಬಿಗೆ ಯಾವ ದಿನ ಬರುತ್ತದೆ ಎಂದು ಕಾಲುವೆಯ ಕೊನೆಯ ಊರಿನವರಿಗೆ ತೋರಿಸಿ, ಪಾಳಿಯ ಪಟ್ಟಿಗೆ ಅವರ ಸಹಿ ಪಡೆಯಬೇಕಿತ್ತು. ಕಾಲುವೆಯ ಮೇಲಿನ ಊರಿನವರು ಭತ್ತ ಹಚ್ಚಿ ನೀರೆಲ್ಲ ಕುಡಿಸಿಬಿಡುತ್ತಿದ್ದರು, ಕೊನೆಯವರು ಒಣ ಕಾಲುವೆ ನೋಡುತ್ತ ಕೂರುತ್ತಿದ್ದರು. ಇನ್ನು ಮುಂದೆ ಪಟ್ಟಿಯಲ್ಲಿದ್ದ ತೂಬಿಗಷ್ಟೇ ನೀರು. ಈ ಕೆಲಸ ನನಗೆ ಕೊಡಿಸಿದವನು ಅಪ್ಪ. ಅವನು ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದು ಗೇಟು ಎತ್ತುವ, ಇಳಿಸುವ ನೌಕರ.

ಎರಡು ನಿಮಿಷಕ್ಕೆ ಮೂರು ಸಾವಿರ ಚಿತ್ರ ಬೇಕು. ಕಂಪ್ಯೂಟರ್ ಹಗಲೂ ರಾತ್ರಿ ದುಡಿದರೂ ಇಪ್ಪತ್ತೈದು ದಿನ. ಸಭೆಗೆ ಉಳಿದದ್ದು ಹನ್ನೆರಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ನಾನು ಪೂರ್ತಿ ಮರೆತಿದ್ದೆ. ಶಹಾಪುರದ ಮಲಗಿದ ಬುದ್ಧನ ಗುಡ್ಡದ ಹಿಂಬದಿಯನ್ನು ಮೂರು ದಿನ ಕೂತು ಒಂದೊಂದೇ ಬಂಡೆಯಾಗಿ ಕಟ್ಟಿದ್ದೆ! ಹಿಂಬದಿ ಯಾರು ನೋಡುತ್ತಾರೆ?

ರಜೆಯ ಮೇಲೆ ಬಂದಿದ್ದ ಅಪ್ಪ ಪಕ್ಕದ ಸ್ಟೂಲಿನಲ್ಲಿ ಕುಳಿತು ಒಂದು ಚಿತ್ರ ಮುಗಿಯುವತನಕ ನೋಡಿದ.

“ಎಲ್ಲಾ ಗೇಟ್ ಒಮ್ಮೆಲೇ ತಗದ್ರ ಯಾರ ಹೊಲಕ್ಕೂ ನೀರ ಮುಟ್ಟಂಗಿಲ್ಲ. ನೀ ಅದನ್ನೇ ಮಾಡಾಕತ್ತಿ ನೋಡು. ಯಾರದು ಪಾಳಿ ಅದ, ಅವರಿಗಷ್ಟೇ ಬಿಡವ್ವಾ,” ಎಂದ.

ಕಂಪ್ಯೂಟರ್ ಮುಟ್ಟದ ಮನುಷ್ಯ ಇದನ್ನು ಹೇಳಿದನಲ್ಲ ಎಂದು ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು. ಅವತ್ತಿನಿಂದ ಕತ್ತರಿ ಹಿಡಿದೆ. ಗುಡ್ಡದ ಬೆನ್ನು ಹೋಯಿತು. ಸೂರ್ಯ ಚಿತ್ರದಲ್ಲಿ ಅಲುಗುವುದಿಲ್ಲವಾದ್ದರಿಂದ ನೆರಳನ್ನು ಒಮ್ಮೆ ಮಾತ್ರ ಲೆಕ್ಕ ಹಾಕಿ ನೆಲಕ್ಕೆ ಅಂಟಿಸಿಬಿಟ್ಟೆ. ದೂರದ ಊರುಗಳನ್ನು ಕಟ್ಟುವುದು ಬಿಟ್ಟು, ಮನೆಗಳ ಚಿತ್ರ ಬರೆದ ಹಲಗೆ ನಿಲ್ಲಿಸಿದೆ. ಕ್ಯಾಮೆರಾ ಆಣೆಕಟ್ಟಿನಿಂದ ಹೊರಟು, ಕಾಲುವೆಗುಂಟ ಹಾರಿ, ಕೊನೆಯ ಊರಿನ ಶಾಲೆಯ ಮುಂದೆ ನಿಲ್ಲುತ್ತಿತ್ತು. ಶಾಲೆಯ ಆಚೆಯದನ್ನೆಲ್ಲ ಅಳಿಸಿದೆ. ಒಂದು ಚಿತ್ರಕ್ಕೆ ಮೂರೇ ನಿಮಿಷ! ಕುರ್ಚಿಯಿಂದೆದ್ದು ಕುಣಿಯುವುದೊಂದು ಬಾಕಿ.

ಸಭೆ ಅದೇ ಶಾಲೆಯಲ್ಲಿ ನಡೆಯಿತು. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದರು. ಗೋಡೆಯ ಮೇಲೆ ನೀರು ಹರಿದಾಗ ಜನ ಸಿಳ್ಳೆ ಹೊಡೆದರು. ಸಾಹೇಬರು ಪಟ್ಟಿ ಓದಿ ಸಹಿಗೆ ಕೊಟ್ಟರು. ಸಹಿ ಹಾಕಲು ಒಬ್ಬೊಬ್ಬರೇ ಬರುತ್ತಿದ್ದಾಗ ಮುಂದೆ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬಳು ಎದ್ದು ನಿಂತಳು. ಕೂಲಿ ಮಾಡಿಕೊಂಡೇ ತನ್ನ ಎರಡೆಕರೆಯನ್ನೂ ನೋಡಿಕೊಳ್ಳುತ್ತಿದ್ದವಳು.

“ಯವ್ವಾ, ಈ ಸಾಲಿ ಹಿಂದ ಸ್ವಲ್ಪ ಹೋಗಿ ತೋರ್ಸು. ನಮ್ಮ ಹೊಲ ಅಲ್ಲೇ ಅದ. ಪಟ್ಟಿದಾಗೂ ನಮ್ಮ ತೂಬು ಓದಲಿಲ್ಲ.”

ನಾನು ನಕಲು ಮಾಡಿಕೊಂಡ ಮೇಲೆ ಆಫೀಸಿನ ಹಳೆಯ ನಕ್ಷೆ ಮಡಿಕೆಯಲ್ಲಿ ಹರಿದು ಹೋಗಿತ್ತು. ಕಂಪ್ಯೂಟರಿನಲ್ಲಿ ಬಂದದ್ದು ತಪ್ಪಿರಲಾರದೆಂದು ಸಾಹೇಬರು ಪಾಳಿಯ ಪಟ್ಟಿಯನ್ನು ನನ್ನ ಚಿತ್ರದ ತೂಬುಗಳನ್ನು ಎಣಿಸಿಯೇ ಬರೆಸಿದ್ದರು. ನಾನು ಅಳಿಸಿದ ಹೊಲದ ಪಾಳಿಯೂ ಅಳಿಸಿಹೋಗಿತ್ತು.

“ಕೊನಿ ಒಂದ್ ತೂಬಿಗೆ ಏನ್ ರಗಳಿ? ಸಹಿ ಮಾಡ್ರಿ,” ಎಂದು ಹಿಂದಿನಿಂದ ಯಾರೋ ಗದರಿದರು. ಆಕೆ ಕೂರಲಿಲ್ಲ. ಸಭೆಗೆ ಬಂದಿದ್ದ ಅಪ್ಪ ನನ್ನನ್ನೇ ನೋಡುತ್ತಿದ್ದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಚಿಕೆಯಿಂದ ಕುಗ್ಗಿ ಎದ್ದೆ.

“ಹೊಲ ಅದ ಆಯಿ. ಚಿತ್ರ ಲಗೂನ ಆಗ್ಲೆಂತ ನಾನೇ ತಗದೀನಿ.”

“ಯಾಕ ತಗದಿ?”

“ಕಣ್ಣಿಗೆ ಕಾಣಂಗಿಲ್ಲಂತ.”

“ಯಾರ ಕಣ್ಣಿಗೆ?” ಎಂದಳು. ಆಕೆಗೆ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕಿತ್ತು.

ಸಾಹೇಬರು ಕೆಟ್ಟವರಲ್ಲ, ಸಭೆ ಮುಂದೆ ಹಾಕಿದರು. ಮರುದಿನ ನಾನು ಅಳತೆಯ ಟೇಪು ಹಿಡಿದು ಆಕೆಯ ಹಿಂದೆ ಹೊಲ ಸುತ್ತಿದೆ. ಈ ಸಲ ಕ್ಯಾಮೆರಾವನ್ನು ಆಕೆಯ ಬದುವಿನ ಮೇಲೆ ಇಟ್ಟೆ, ನೀರು ಅತ್ತ ಕಡೆಯಿಂದ ನಮ್ಮತ್ತ ಬರಲಿ ಎಂದು. ಕತ್ತರಿಸುವುದನ್ನು ಬಿಡಲಿಲ್ಲ, ಬಿಟ್ಟರೆ ಕೆಲಸವೇ ಆಗದು. ಆದರೆ ಕಣ್ಣು ಜಾಗ ಬದಲಿಸಿದ ಮೇಲೆ ಕಳೆಯಬೇಕಾದದ್ದೂ ಬದಲಾಯಿತು. ಆಕೆಯ ತೂಬು, ಕಲ್ಲಿನ ಬದು, ಮೆಣಸಿನ ಸಸಿಮಡಿ ಎಲ್ಲ ಕಲ್ಲು ಕಲ್ಲಾಗಿ, ಎಲೆ ಎಲೆಯಾಗಿ ಎದ್ದವು. ದೂರದ ಆಣೆಕಟ್ಟು ಬೆರಳಷ್ಟು ಹಲಗೆಯಾಯಿತು. ವಿಚಿತ್ರವೆಂದರೆ ಲೆಕ್ಕ ಮೊದಲಿಗಿಂತಲೂ ಬೇಗ ಮುಗಿಯಿತು.

ಎರಡನೆಯ ಸಭೆಯಲ್ಲಿ ಸಾಹೇಬರ ಮುಖ ಸಪ್ಪಗಾಯಿತು. “ಡ್ಯಾಮ್ ಇಷ್ಟೇ ಏನಮ್ಮಾ?”

“ನಮ್ಮ ಹೊಲದಾಗ ನಿಂತ್ರ ಅಷ್ಟೂ ಕಾಣಂಗಿಲ್ರೀ ಸಾಹೇಬ್ರ,” ಎಂದು ಆಕೆಯೇ ಉತ್ತರಿಸಿದಳು. ಜನ ಹೋ ಎಂದು ನಕ್ಕರು.

ಪಟ್ಟಿಯ ಕೊನೆಯಲ್ಲಿ ಆಕೆಯ ತೂಬನ್ನೂ ಓದಿದರು. ಅಪ್ಪ ಪೆನ್ನು ಚಾಚಿದ. ಆಕೆ ಕೈ ಮುಂದೆ ಮಾಡಲಿಲ್ಲ.

“ಚಿತ್ರದಾಗ ನೀರ ಬಂತು, ಭಾಳ ಚಲೋ ಆತು. ಹೊಲಕ್ಕ ಬಂದ ದಿನ ಸಹಿ ಮಾಡ್ತೀನ್ರಿ.”

ಆಕೆಯ ಪಾಳಿಯ ದಿನ ಅಪ್ಪ ರಜೆ ಹಾಕಿ, ಸಹಿಯ ರಿಜಿಸ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೊಲಕ್ಕೆ ಹೋದ. ನಾನೂ ಹೋದೆ. ಮಧ್ಯಾಹ್ನದವರೆಗೆ ಮೂವರೂ ಒಣ ತೂಬಿನ ಬಾಯಿ ನೋಡುತ್ತ ಕುಳಿತೆವು. ನೀರು ಬಂದಾಗ ಆಕೆ ಕೆಸರಿಗಿಳಿದು ಸಲಿಕೆಯಿಂದ ದಾರಿ ಬಿಡಿಸಿಕೊಟ್ಟಳು, ಮೇಲೆ ಬಂದು ಸೆರಗಿಗೆ ಕೈ ಒರೆಸಿಕೊಂಡಳು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.