ಚಕ್ರವರ್ತಿಯ ಕನಸಿಗೆ ಸಾಕ್ಷಿ ಯಾರು?

ಮೊನ್ನೆ ಕೇರಳ ಗಡಿಯ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ನಮ್ಮ ಕಾರಿನ ಡಿಕ್ಕಿ ತೆರೆಸಿ, ಒಳಗಿದ್ದ ಚೀಲವನ್ನು ತೋರಿಸಿ "ಏನಿದು?" ಎಂದ. "ಕಿತ್ತಳೆ," ಎಂದೆ. ಕಿತ್ತಳೆಯ ಘಮ ರಸ್ತೆಯವರೆಗೂ ಹರಡಿತ್ತು. ಆದರೂ ಅವನು ತಳದವರೆಗೆ ಕೈಹಾಕಿ ತಡಕಿ ನೋಡಿದ. ಡ್ರೈವರ್ ಗೊಣಗಿದ. ನನಗೆ ಮಾತ್ರ ಏನೋ ಸಂತೋಷವಾಯಿತು. ಕಿತ್ತಳೆಯನ್ನು ಕಿತ್ತಳೆಯೆಂದು ಸುಲಭಕ್ಕೆ ಒಪ್ಪದ ಒಬ್ಬರ ಮನೆಯಲ್ಲಿ ನಾನು ಹಿಂದೆ ಬಾಡಿಗೆಗಿದ್ದೆ. ಅವತ್ತು ಗಡಿ ದಾಟಿ ಇರಿಟ್ಟಿಯ ಕಡೆ ಹೊರಟಿದ್ದದ್ದೂ ಅವರನ್ನು ನೋಡಲಿಕ್ಕೇ.

ಅವರು ಬಸಪ್ಪನವರು. ಶನಿವಾರಸಂತೆ ಕಡೆಯವರು, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಫಾರೆಸ್ಟ್ ಗಾರ್ಡ್ ಆಗಿ ಇದೇ ಚೆಕ್‌ಪೋಸ್ಟಿನಲ್ಲಿ ಬಹಳ ಕಾಲ ಲಾರಿಗಳನ್ನು ತಪಾಸಣೆ ಮಾಡಿದವರು. ವಿರಾಜಪೇಟೆಯ ಕಾಲೇಜಿಗೆ ನಾನು ಇತಿಹಾಸದ ಉಪನ್ಯಾಸಕಿಯಾಗಿ ಬಂದಾಗ ಅವರ ಮನೆಯ ಪಕ್ಕದ ಎರಡು ಕೋಣೆಗಳಲ್ಲಿದ್ದೆ. ನೌಕರಿಯ ಗುಣ ಮನೆಗೂ ಬಂದಿತ್ತು. ಹಾಲಿನವನ ಹಾಲನ್ನು ಬೆರಳಲ್ಲಿ ಅದ್ದಿ ನೋಡುವರು. ಬಾಗಿಲಿಗೆ ಬಂದ ನೆಂಟರನ್ನು "ಇಷ್ಟ್ ದೂರ ಸುಮ್ನೆ ಬಂದ್ರಾ?" ಎಂದು ಕೇಳಿ ಅವರ ಮುಖ ಕೆಂಪೇರಿಸುವರು. ನಾನು ಇತಿಹಾಸ ಹೇಳಿಕೊಡುತ್ತೇನೆ ಎಂದು ತಿಳಿದಾಗ ಮೊದಲು ಕೇಳಿದ್ದು, "ಅದನ್ನೆಲ್ಲ ಕಣ್ಣಲ್ಲಿ ಕಂಡೋರು ಯಾರ್ ಅವ್ರೆ?"

ಹೊಸ ಮೇಷ್ಟರಿಗೆ ಹುಡುಗರೆಂದರೆ ಭಯ. ಬೆಳಿಗ್ಗೆ ಜಗುಲಿಯಲ್ಲಿ ಅಡ್ಡಾಡುತ್ತ ಪಾಠವನ್ನು ಗಟ್ಟಿಯಾಗಿ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಆ ವಾರ ರೋಮಿನ ಪಾಠ ನಡೆದಿತ್ತು. ಹಳೆಯ ಕ್ರೈಸ್ತರು ಮನೆಗಳಲ್ಲಿ ಗುಟ್ಟಾಗಿ ಸೇರುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು, ಚಕ್ರವರ್ತಿಯ ಮೂರ್ತಿಗೆ ಧೂಪ ಹಾಕಲು ಒಪ್ಪುತ್ತಿರಲಿಲ್ಲ, ಹಾಗಾಗಿ ಜನ ಅವರ ಮೇಲೆ ಏನೇನೋ ಕಥೆ ಕಟ್ಟಿದರು ಎಂದು ಹೇಳುತ್ತಿದ್ದೆ. ಬೇಲಿಯ ಆಚೆ ಹಲ್ಲುಜ್ಜುತ್ತಿದ್ದ ಬಸಪ್ಪನವರು ನಿಂತರು.

"ಬಾಗ್ಲು ಹಾಕ್ಕಂಡು ಸೇರ್ತಿದ್ರಾ ಮೇಡಂ?"

"ಹೂಂ, ಸಿಕ್ಕಿಬಿದ್ದರೆ ಶಿಕ್ಷೆ ಆಗ್ತಿತ್ತಲ್ಲ."

"ಹಂಗಾದ್ರೆ ನಾನಾದ್ರೂ ಅನುಮಾನ ಪಡ್ತಿದ್ದೆ ಬಿಡಿ. ಆದ್ರೆ ಒಳಗ್ ಹೋಗಿ ನೋಡ್ತಿದ್ದೆ. ಇವ್ರು ನೋಡ್ದೆ ಹೊಡೆದ್ರಲ್ಲ, ಅದು ತಪ್ಪು."

ಮಾರನೆಯ ದಿನ ಪಾಠದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಂದ. ಯುದ್ಧದ ಮುಂಚೆ ಅವನಿಗೆ ಆಕಾಶದಲ್ಲಿ ಶಿಲುಬೆ ಕಂಡಿತಂತೆ, ಕನಸೂ ಬಿತ್ತಂತೆ, ಗೆದ್ದನಂತೆ, ಆಮೇಲೆ ಕ್ರೈಸ್ತರ ಕಡೆ ಒಲಿದನಂತೆ. ಬಸಪ್ಪನವರ ಬಾಯಲ್ಲಿ ಆ ಹೆಸರು ಕಡೆಯವರೆಗೂ ಕಾನ್‌ಸ್ಟೇಬಲ್ ಆಗಿಯೇ ಉಳಿಯಿತು.

"ಕನಸಿಗೆ ಸಾಕ್ಷಿ ಯಾರು? ಗೆದ್ದ ಮ್ಯಾಲೆ ಹೇಳಿದ್ನಾ, ಮುಂಚೇನೇ ಹೇಳಿದ್ನಾ ಆ ಕಾನ್‌ಸ್ಟೇಬಲ್ಲು?"

ಭಾನುವಾರದ ರಜೆಯೂ ಅವನ ಆಜ್ಞೆಯಿಂದ ಬಂದದ್ದು ಎಂದು ಮಾತು ತಿರುಗಿಸಿದೆ. ಭಾನುವಾರವೂ ಡ್ಯೂಟಿ ಮಾಡುತ್ತಿದ್ದ ಅವರು, "ಆ ಆಜ್ಞೆ ಮಾಕುಟ್ಟಕ್ಕೆ ಇನ್ನೂ ತಲುಪಿಲ್ಲ," ಎಂದು ಬಾಯಿ ಮುಕ್ಕಳಿಸಲು ಹೋದರು. ಮುಂದಿನ ಚಕ್ರವರ್ತಿಗಳ ಕಾಲಕ್ಕೆ ಕ್ರೈಸ್ತಧರ್ಮವೇ ರಾಜ್ಯದ ಧರ್ಮವಾಗಿ, ಹಳೆಯ ಗುಡಿಗಳ ಬಾಗಿಲು ಮುಚ್ಚಿದ ಭಾಗ ಓದುವಾಗ ಅವರು ಬೇಲಿಯ ಹತ್ತಿರಕ್ಕೆ ಬಂದು ನಿಂತರು. "ನಿನ್ನೆ ಏಟು ತಿಂದೋರು ಇವತ್ತು ಕೋಲು ಹಿಡ್ಕಂಡ್ರು ಅನ್ನಿ," ಎಂದಷ್ಟೇ ಹೇಳಿದರು.

ಅದೇ ತಿಂಗಳು ಅವರ ಮಗಳು ಗಿರಿಜಾ, ತಾನು ಜೋಜಿಯನ್ನು ಮದುವೆಯಾಗುತ್ತೇನೆ ಎಂದು ಮನೆಯಲ್ಲಿ ಹೇಳಿದಳು. ಜೋಜಿ ಇರಿಟ್ಟಿಯ ಕ್ರೈಸ್ತರ ಹುಡುಗ. ಪಾಲಿಬೆಟ್ಟದ ಕಡೆಯ ಎಸ್ಟೇಟುಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಲಾರಿಯ ತಳದಲ್ಲಿ ಅಡಗಿಸಿದ ಬೀಟೆಮರದ ತುಂಡನ್ನು ಹುಡುಕಿ ತೆಗೆಯುವ ಬಸಪ್ಪನವರಿಗೆ ಮನೆಯೊಳಗಿನ ಈ ಸಂಗತಿ ಎರಡು ವರ್ಷ ಗೊತ್ತೇ ಆಗಿರಲಿಲ್ಲ. ಆ ಸಿಟ್ಟು ನೇರ ನನ್ನ ಮೇಲೆ ಬಂತು.

"ಮೇಡಂ, ನಿಜ ಹೇಳಿ. ಆ ರೋಮಿನ ಪಾಠ ನನ್ ಕಿವಿಗ್ ಬೀಳ್ಲಿ ಅಂತ್ಲೇ ಓದ್ತಿದ್ರಾ? ಗಿರಿಜಾ ಹೇಳ್ಕೊಟ್ಟಿದ್ಲಾ?"

ನನ್ನ ಪಾಠ ಕೇಳಿ ಅಲ್ಲಿಯವರೆಗೆ ಒಬ್ಬ ವಿದ್ಯಾರ್ಥಿಯ ಮನಸ್ಸೂ ಬದಲಾಗಿರಲಿಲ್ಲ. ಒಬ್ಬ ಗಾರ್ಡಿನ ಮನಸ್ಸನ್ನು ಬದಲಿಸಲು ನಾನು ಸಂಚು ಹೂಡಿದ್ದೇನೆ ಎಂದು ಅವರು ನಂಬಿದ್ದು ನೋಡಿ, ನೋವಿನ ಜೊತೆಗೆ ಚೂರು ಹೆಮ್ಮೆಯೂ ಆಯಿತು. ಇಲ್ಲ ಎಂದೆ. ನಂಬಲಿಲ್ಲ. ಬೀದಿಯಲ್ಲಿ ಆಗಲೇ ಪಿಸುಮಾತು ಎದ್ದಿತ್ತು: ಬಸಪ್ಪನ ಮಗಳ ಜಾತಿ ಕೆಡಿಸಲು ಯಾರೋ ದುಡ್ಡು ಕೊಟ್ಟಿದ್ದಾರಂತೆ, ಬಾಡಿಗೆಯ ಮೇಡಂ ಕೂಡ ಅದರಲ್ಲಿ ಇದ್ದಾಳಂತೆ. ಅಂಗಡಿಯವರು ನನಗೆ ಸಾಮಾನು ಕೊಡುವಾಗ ಮುಖ ನೋಡುವುದನ್ನು ಬಿಟ್ಟರು. ರೋಮಿನವರು ಕಟ್ಟಿದ ಕಥೆಗಳು ಹೇಗೆ ಹುಟ್ಟಿರಬಹುದು ಎಂಬುದು ನನಗೆ ಪುಸ್ತಕದಿಂದ ತಿಳಿದದ್ದಕ್ಕಿಂತ ಆ ಅಂಗಡಿಯಲ್ಲಿ ನಿಂತು ತಿಳಿದದ್ದೇ ಹೆಚ್ಚು.

ಒಂದು ಸಂಜೆ ಜೋಜಿ ಬಂದ. ಇಸ್ತ್ರಿ ಮಾಡಿದ ಬಿಳಿ ಶರಟು, ಬೆರಳ ಸಂದಿಯಲ್ಲಿ ಮಾತ್ರ ಗ್ರೀಸು. ಬಸಪ್ಪನವರು ನನ್ನನ್ನೂ ಕರೆಸಿ ಕೂರಿಸಿದರು. ಅದು ಸಾಕ್ಷಿಯಾಗಿಯೋ ಆರೋಪಿಯಾಗಿಯೋ ನನಗೆ ತಿಳಿಯಲಿಲ್ಲ.

"ಸಾರ್, ನಾನ್ ನಿಮ್ಮ ಜಾತಿಗೆ ಸೇರ್ತೇನೆ," ಎಂದ ಜೋಜಿ. "ಲಿಂಗ ಕಟ್ಟಿಸ್ಕೊಳ್ತೇನೆ. ಮಾಂಸ ಬಿಡ್ತೇನೆ. ಪೂಜೆ ಕಲೀತೇನೆ."

"ಯಾವಾಗ ತೀರ್ಮಾನ ಮಾಡ್ದೆ?"

"ನಿನ್ನೆ ಸಾರ್."

"ನಿಮ್ಮಮ್ಮಂಗೆ ಹೇಳ್ದಾ?"

"ಇಲ್ಲ."

ಬಸಪ್ಪನವರು ನನ್ನ ಕಡೆ ತಿರುಗಿದರು. "ನೋಡಿದ್ರಾ ಮೇಡಂ, ನಿಮ್ ಕಾನ್‌ಸ್ಟೇಬಲ್ಲು ಬಂದ." ಮತ್ತೆ ಅವನಿಗೆ, "ಹೆಣ್ಣಿಗೋಸ್ಕರ ನಿನ್ನೆ ಒಂದ್ ದೇವ್ರನ್ನ ಬಿಟ್ಟೆ. ನಾಳೆ ಇನ್ನೊಂದಕ್ಕೋಸ್ಕರ ಇದನ್ನೂ ಬಿಡ್ತೀಯ. ಹೋಗು. ನಿಂಗೆ ಕೊಡಲ್ಲ."

ಜೋಜಿ ಎದ್ದ. ಒಳಗೆ ಗಿರಿಜಾ ಅಳುವುದು ಕೇಳಿಸುತ್ತಿತ್ತು. ಹೊಸಿಲು ದಾಟಿ ಅವನು ತಿರುಗಿ ನಿಂತ.

"ನಾನ್ ಸುಳ್ಳು ಹೇಳಿದ್ದು ಸಾರ್. ನನಗೆ ಬಿಡ್ಲಿಕ್ಕೆ ಆಗಲ್ಲ. ನಾನ್ ಪ್ರತಿ ವಾರ ಪಳ್ಳಿಗೆ, ಚರ್ಚಿಗೆ ಹೋಗೋದು, ಅಮ್ಮನ ಕೂಡೆ. ಅದು ಬಿಟ್ರೆ ನನಗೆ ಏನೋ ಆಗ್ತದೆ. ಅವಳೂ ಬೇಕು. ಏನ್ ಮಾಡೋದು ಅಂತ ಗೊತ್ತಿಲ್ಲ."

ಬಸಪ್ಪನವರು ಅವನಿಗೆ ಕುರ್ಚಿ ತೋರಿಸಿದರು. ಆಮೇಲೆ ಒಳಗೆ ತಿರುಗಿ, "ಕಾಫಿ ತಗಂಬಾ ಗಿರಿಜಾ," ಎಂದರು.

ಮದುವೆ ರಿಜಿಸ್ಟರ್ ಆಫೀಸಿನಲ್ಲಿ ಆಯಿತು. ಅವರ ಷರತ್ತು ಒಂದೇ, ಇಬ್ಬರಲ್ಲಿ ಯಾರೂ ಧರ್ಮ ಬದಲಿಸಬಾರದು. ನೆಂಟರು ಎರಡೂ ಕಡೆಯಿಂದ ಬರಲಿಲ್ಲ. ಜೋಜಿ ಲಿಂಗ ಕಟ್ಟಿಸಿಕೊಳ್ಳುವುದನ್ನು ಒಪ್ಪದ ತಮ್ಮ ಅನುಮಾನಕ್ಕೆ ಬಸಪ್ಪನವರು ಬೆಲೆಯನ್ನೂ ತೆತ್ತರು. ಶನಿವಾರಸಂತೆಯ ಅಣ್ಣತಮ್ಮಂದಿರು ತಾವು ಸಾಯುವವರೆಗೂ ಅವರ ಮನೆಯ ಹೊಸಿಲು ತುಳಿಯಲಿಲ್ಲ. ನನ್ನ ಮೇಲಿನ ಸಂಶಯ ಯಾವಾಗ ಹೋಯಿತೋ, ಅವರು ಹೇಳಲಿಲ್ಲ. ನಿವೃತ್ತಿಯಾಗಿ ಹೆಂಡತಿಯೂ ತೀರಿಕೊಂಡ ಮೇಲೆ ಮಗಳ ಮನೆಗೆ, ತಾವು ಜೀವಮಾನವೆಲ್ಲ ಕಾದ ಗಡಿಯ ಆಚೆಗೆ, ಹೋಗಿ ಸೇರಿದರು.

ಮೊನ್ನೆ ಅವರೇ ಫೋನು ಮಾಡಿಸಿ ನನ್ನನ್ನು ಕರೆದಿದ್ದರು. ಮೊಮ್ಮಗಳು ನಿಶಾ, ಡಿಗ್ರಿ ಓದುತ್ತಿರುವವಳು, ಜ್ಞಾನಸ್ನಾನ ಮಾಡಿಸಿಕೊಂಡು ಕ್ರೈಸ್ತಳಾಗುತ್ತೇನೆ ಎನ್ನುತ್ತಿದ್ದಳು. ಗಿರಿಜಾಗೆ ಸಂಕಟ. ಜೋಜಿಗೆ ಒಳಗೊಳಗೇ ಖುಷಿ, ಮಾವನ ಮುಂದೆ ತೋರಿಸಲು ಹೆದರಿಕೆ. ಇರಿಟ್ಟಿಯ ಮನೆಯಲ್ಲಿ ನಾನು ಕುರ್ಚಿ ಎಳೆದುಕೊಂಡು ಕೂತವಳೇ ಶುರುಮಾಡಿದೆ: ಹಾಸ್ಟೆಲಿನಲ್ಲಿ ಯಾರಾದರೂ ಹೇಳಿದರೇ? ಗೆಳೆಯ ಯಾರಾದರೂ ಇದ್ದಾನೆಯೇ? ಕೆಲಸದ ಆಸೆ ತೋರಿಸಿದರೇ? ನನ್ನ ದನಿ ನನಗೇ ಅಪರಿಚಿತವಾಗಿತ್ತು. ಹುಡುಗಿ ಎಲ್ಲಕ್ಕೂ ಇಲ್ಲ ಎಂದಳು.

"ಮತ್ತೆ ಯಾಕೆ?"

"ಗೊತ್ತಿಲ್ಲ ಆಂಟಿ. ಚರ್ಚಲ್ಲಿ ಕೂತ್ರೆ ಎದ್ದು ಬರೋಕೆ ಮನ್ಸೇ ಬರಲ್ಲ."

ನಾನು ಮುಂದಿನ ಪ್ರಶ್ನೆಗೆ ಬಾಯಿ ತೆರೆದೆ. ಮಂಚದ ಮೇಲೆ ಒರಗಿದ್ದ ಬಸಪ್ಪನವರು ಕೈ ಎತ್ತಿದರು.

"ಸಾಕು ಬಿಡಿ ಮೇಡಂ. ಕಳ್ ಮಾಲು ತರೋರಿಗೆ ಉತ್ರ ರೆಡಿ ಇರ್ತದೆ. ಗೊತ್ತಿಲ್ಲ ಅಂದೋರು ಯಾರೂ ನಂಗೆ ಸುಳ್ಳು ಹೇಳಿಲ್ಲ." ನಂತರ ಗೋಡೆಯ ಕಡೆ ಮುಖ ಮಾಡಿ, "ನಂಗೆ ಬೇಜಾರಿಲ್ಲ ಅಂತಲ್ಲ," ಎಂದರು. ಹುಡುಗಿ ಹೋಗಿ ಅವರ ಕಾಲ ಬಳಿ ಕೂತಳು.

ವಾಪಸು ಬಂದ ಮಾರನೆಯ ದಿನ ತರಗತಿಯಲ್ಲಿ ಮತ್ತೆ ಅದೇ ಅಧ್ಯಾಯ. ಕ್ರೈಸ್ತಧರ್ಮ ರೋಮಿನಲ್ಲಿ ಹರಡಿದ್ದಕ್ಕೆ ಕಾರಣಗಳು: ರಸ್ತೆಗಳು, ಬಡವರ ಆರೈಕೆ, ಚಕ್ರವರ್ತಿಯ ಲೆಕ್ಕಾಚಾರ. ಪರೀಕ್ಷೆಗೆ ಬೇಕಾದಷ್ಟು ಬೋರ್ಡಿನ ಮೇಲೆ ಬರೆದು ಸೀಮೆಸುಣ್ಣ ಇಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಅಷ್ಟೊಂದು ಜನ ನಿಜ್ವಾಗ್ಲೂ ನಂಬಿದ್ರಾ?" ಎಂದಳು. ಇಷ್ಟು ವರ್ಷ ಈ ಪ್ರಶ್ನೆಗೆ ನಾನು ನಕ್ಕು, ರಾಜಕೀಯದ ಲಾಭವನ್ನು ಇನ್ನೊಮ್ಮೆ ವಿವರಿಸುತ್ತಿದ್ದೆ.

"ಗೊತ್ತಿಲ್ಲಮ್ಮ," ಎಂದೆ.

ಅವಳು ಕೂತು ಅದನ್ನೂ ಬರೆದುಕೊಂಡಳು.