ಸೊಗಡಿಗಾಗಿ ಕಾಯುವ ಇಂದ್ರಾಣಿ

ಧನುರ್ಮಾಸದ ಬೆಳಗು. ಜೆ.ಪಿ. ನಗರದ ಈ ಅಡ್ಡರಸ್ತೆಯಲ್ಲಿ ಹಾಲಿನ ಗಾಡಿಯದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ಎತ್ತಿದ ಷಟರ್ ಕೆಳಗೆ ಬಗ್ಗಿ ಒಳಗೆ ಹೋದರೆ, ಪುಟ್ಟ ಬರ್ಗರ್ ಹೋಟೆಲಿನ ಅಡುಗೆಮನೆಯಲ್ಲಿ ಇಂದ್ರಾಣಿ ನಿಂತಿದ್ದಾರೆ. ಮುಂದಿನ ದೊಡ್ಡ ಬೇಸಿನ್‌ನಲ್ಲಿ ಬೇಯಿಸಿದ ಹಿಸುಕಿದ ಅವರೆಬೇಳೆ, ಆಲೂಗಡ್ಡೆ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ. ಎರಡೂ ಕೈ ಹಾಕಿ ಕಲಸುತ್ತಾರೆ, ಉಂಡೆ ಕಟ್ಟುತ್ತಾರೆ, ಅಂಗೈಯಲ್ಲಿ ತಟ್ಟಿ ಕಾವಲಿಗೆ ಬಿಡುತ್ತಾರೆ. ಚುರ್ ಎನ್ನುತ್ತಲೇ ಅಡುಗೆಮನೆ ತುಂಬ ಅವರೆಯ ಸೊಗಡು. ಇಂದ್ರಾಣಿ ಕಾವಲಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಉಸಿರು ಎಳೆದುಕೊಳ್ಳುತ್ತಾರೆ. ಆಮೇಲೆ ನನ್ನತ್ತ ತಿರುಗಿ ತಲೆ ಅಲ್ಲಾಡಿಸುತ್ತಾರೆ.

"ಇವತ್ತೂ ಇಲ್ಲ ಮೇಡಂ. ಬರೀ ಬಿಸಿ ಗಾಳಿ."

ಚಳಿಗಾಲದ ಭಾನುವಾರ ಇಲ್ಲಿ ಅವರೆ ಬರ್ಗರ್‌ಗೆ ಜನ ಬಾಗಿಲಾಚೆ ನಿಲ್ಲುತ್ತಾರೆ. ಜಯನಗರದಿಂದ, ಬನಶಂಕರಿಯಿಂದ ಸ್ಕೂಟರ್ ಏರಿ ಬರುವವರಿದ್ದಾರೆ. ಅದನ್ನು ಮಾಡುವ ಕೈಯ ಒಡತಿಗೆ ವಾಸನೆ ತಿಳಿಯುವುದಿಲ್ಲ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಇಂದ್ರಾಣಿ ಗೊಟ್ಟಿಗೆರೆಯವರು. ಈಗ ಸೈಟುಗಳಾಗಿರುವ ಜಾಗದಲ್ಲಿ ಅವರಮ್ಮ ರಾಗಿಯ ನಡುವೆ ಅವರೆ ಸಾಲು ಹಾಕುತ್ತಿದ್ದರಂತೆ. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡರು. ಮಗಳು ಭಾಗ್ಯಜ್ಯೋತಿಯನ್ನು ಸೊಂಟದಲ್ಲಿ ಎತ್ತಿಕೊಂಡು ಮನೆಮನೆಗೆ ಅಡುಗೆ ಕೆಲಸಕ್ಕೆ ಹೋದರು. ಅಂಥದ್ದೊಂದು ಮನೆ ತ್ಯಾಗರಾಜನಗರದ ಸುರಭಿ ಅವರದು. ಸುರಭಿ ಕೆಲಸ ಬಿಟ್ಟು ಬರ್ಗರ್ ಹೋಟೆಲ್ ತೆರೆಯಲು ಹೊರಟಾಗ ಮೊದಲು ಕೇಳಿದ್ದು ಇಂದ್ರಾಣಿಯನ್ನೇ.

"ಬರ್ಗರ್ ಅಂದ್ರೆ ಏನು ಅಂತ ನಂಗೊತ್ತಿರ್ಲಿಲ್ಲ," ಎಂದು ಇಂದ್ರಾಣಿ ನಗುತ್ತಾರೆ. "ತಿನ್ನಿಸಿದ್ರು. ಒಳಗಿರೋದು ಬರೀ ಹಿಟ್ಟು ಹಿಟ್ಟು. ಇದ್ಕೆ ನಮ್ಮ ಅವರೆಬೇಳೆ ಹಾಕಿದ್ರೆ ಹೆಂಗಿರ್ತೈತೆ ಅಂದೆ. ಮಾಡಿ ಕೊಟ್ಟೆ. ಅವ್ರು ಒಂದು ತಿಂದು ಇನ್ನೊಂದು ಕೇಳಿದ್ರು."

ಕೊರೊನಾ ಎರಡನೇ ಅಲೆಯಲ್ಲಿ ಇಂದ್ರಾಣಿಗೆ ಜ್ವರ ಬಂತು. ವಾರದಲ್ಲಿ ಜ್ವರ ಇಳಿಯಿತು. ಆದರೆ ಒಂದು ಸಂಜೆ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗಿದ್ದರೂ ಪಕ್ಕದಲ್ಲೇ ಕೂತಿದ್ದ ಇಂದ್ರಾಣಿಗೆ ಗೊತ್ತಾಗಲಿಲ್ಲ. ಮೂಗು ಸತ್ತಿತ್ತು. ನಾಲಗೆಗೆ ಖಾರ ಚುರುಗುಟ್ಟುತ್ತದೆ, ಉಪ್ಪು ಎಲ್ಲೋ ದೂರದಲ್ಲಿ ಇದ್ದಂತೆ ಇರುತ್ತದೆ, ಅಷ್ಟೆ. ಬರಬಹುದು, ಕಾಯಬೇಕು ಎಂದರು ಡಾಕ್ಟರು. ಇಂದ್ರಾಣಿ ಕಾಯುತ್ತಲೇ ಇದ್ದಾರೆ. ಎದ್ದ ತಕ್ಷಣ ಕಾಫಿಪುಡಿ ಡಬ್ಬಿಗೆ ಮೂಗಿಡುತ್ತಾರೆ. ಬಸ್ಸಿನಲ್ಲಿ ಪಕ್ಕದವರು ಮಲ್ಲಿಗೆ ಮುಡಿದಿದ್ದರೆ ಸ್ವಲ್ಪ ಅತ್ತ ವಾಲುತ್ತಾರೆ.

ಹೋಟೆಲ್ ಮತ್ತೆ ತೆರೆದಾಗ ಈ ವಿಷಯವನ್ನು ಅವರು ಸುರಭಿಗೆ ಹೇಳಲಿಲ್ಲ. "ಅಡುಗೆಯವಳಿಗೆ ವಾಸ್ನೆ ಬರಲ್ಲ ಅಂದ್ರೆ ಯಾರು ಇಟ್ಕೊತಾರೆ ಹೇಳಿ?" ಗುಟ್ಟು ಹೇಳಿದ್ದು ಯಲ್ಲಯ್ಯನವರಿಗೆ ಮಾತ್ರ. ಯಲ್ಲಯ್ಯ ಪದ್ಮನಾಭನಗರದ ಬೇಕರಿಯಿಂದ ಮೊಪೆಡ್ ಮೇಲೆ ಬನ್ನು ತಂದು ಹಾಕುವವರು, ಅರವತ್ತು ದಾಟಿದವರು. ಅಂದಿನಿಂದ ದಿನದ ಮೊದಲ ಬರ್ಗರ್ ಅವರಿಗೆ. ಒಂದು ತುತ್ತು ಕಚ್ಚಿ ತೀರ್ಪು ಹೇಳುತ್ತಿದ್ದರು: "ಉಪ್ಪು ಇನ್ನೊಂಚೂರು ಬೇಕು ಕಣಮ್ಮ." ಹಾಗೆಯೇ ಎರಡು ಚಳಿಗಾಲ ಕಳೆಯಿತು.

ಮೂರನೆಯ ಚಳಿಗಾಲದಲ್ಲಿ ಯಲ್ಲಯ್ಯ ಮೊಪೆಡ್‌ನಿಂದ ಬಿದ್ದು ಕಾಲು ಮುರಿದುಕೊಂಡರು. ಬನ್ನು ಬೇರೆಯವರ ಕೈಯಲ್ಲಿ ಬಂತು. ಒಂದು ಶನಿವಾರ ರಾತ್ರಿ ಕರೆಂಟು ಹೋಗಿ ಫ್ರಿಜ್ಜಿನಲ್ಲಿದ್ದ ಅವರೆಬೇಳೆ ಹಳಸಿತ್ತು. ಭಾನುವಾರ ಬೆಳಗ್ಗೆ ಇಂದ್ರಾಣಿ ಮುಟ್ಟಿ ನೋಡಿದರು. ಸ್ವಲ್ಪ ಲೋಳೆ ಅನ್ನಿಸಿತು. ತೊಳೆದು ಬೇಯಿಸಿಬಿಟ್ಟರು.

ಮೊದಲು ಬಂದವರು ಬದರಿನಾಥ, ಜಯನಗರದ ನಿವೃತ್ತ ಮೇಷ್ಟ್ರು, ಪ್ರತಿ ಭಾನುವಾರದ ಗಿರಾಕಿ. ಒಂದು ತುತ್ತು ಕಚ್ಚಿದವರು ಟಿಶ್ಯೂಗೆ ಉಗಿದು, ಪ್ಲೇಟನ್ನು ಮೆಲ್ಲಗೆ ದೂರ ಸರಿಸಿದರು. ಸುರಭಿ ಅಡುಗೆಮನೆಗೆ ಓಡಿ ಬಂದರು.

"ಇಂದ್ರಾಣಿ ಅಕ್ಕ, ಇದು ಹಳಸಿದೆ! ಇಷ್ಟು ವಾಸನೆ ಹೊಡೀತಿದೆ, ನಿಮಗೆ ಗೊತ್ತಾಗ್ಲಿಲ್ವಾ?"

"ಇಲ್ಲ ಮೇಡಂ."

"ಗೊತ್ತಾಗ್ಲಿಲ್ಲ ಅಂದ್ರೆ?"

"ನಂಗೆ ವಾಸ್ನೆನೇ ಬರಲ್ಲ. ಕೊರೊನಾ ಆದಾಗ್ಲಿಂದ."

ಸುರಭಿ ಬೇಸಿನ್ ಎತ್ತಿ ಕಸಕ್ಕೆ ಸುರಿದು, ಷಟರ್ ಎಳೆದರು. "ಯಾರಿಗಾದ್ರೂ ಏನಾದ್ರೂ ಆಗಿದ್ರೆ? ನಂಗೆ ಒಂದು ಮಾತು ಹೇಳ್ಬೇಕಿತ್ತು" ಎಂದದ್ದಷ್ಟೆ. ಇಂದ್ರಾಣಿ ಏಪ್ರನ್ ಮಡಚಿಟ್ಟು ಬಸ್ ಹತ್ತಿದರು. ಮನೆಯಲ್ಲಿ ಒಲೆ ಹಚ್ಚಲು ಮನಸ್ಸಾಗಲಿಲ್ಲ. "ತಪ್ಪು ನಂದೇ. ಅತ್ತಿದ್ದು ಬೈದಿದ್ಕಲ್ಲ ಮೇಡಂ. ಅವ್ರು ಹಳಸಿದೆ ಅಂದಾಗ ನಾನೂ ಮೂಸ್ದೆ. ಕೆಟ್ ವಾಸ್ನೆನಾದ್ರೂ ಬರ್ಲಿ ಅಂತ ಎಷ್ಟು ಜೋರಾಗಿ ಮೂಸ್ದೆ ಗೊತ್ತಾ? ಅದೂ ಬರ್ಲಿಲ್ಲ."

ಮೂರು ದಿನ ಫೋನ್ ಬರಲಿಲ್ಲ. ನಾಲ್ಕನೆಯ ದಿನ ಸುರಭಿಯೇ ಗೊಟ್ಟಿಗೆರೆಯ ಮನೆ ಬಾಗಿಲಿಗೆ ಬಂದರು. ಅಂದಿನ ಮಾತನ್ನು ನಾನು ಸುರಭಿಯ ಬಾಯಿಂದಲೇ ಕೇಳಿದೆ. "ತುಂಬ ಕೋಪ ಇತ್ತು ನಂಗೆ. ಆದ್ರೆ ನಮ್ಮಮ್ಮ ಹಾಸಿಗೆ ಹಿಡಿದಾಗ ಊಟ ಮಾಡ್ಸಿದ್ದು ಇವ್ರು. ನಂಗೆ ಹೇಳೋಕೆ ಇವ್ರಿಗೆ ಭಯ ಆಯ್ತಲ್ಲ, ಅದೇ ನಂಗೆ ಜಾಸ್ತಿ ಬೇಜಾರು. ಇನ್ಮೇಲೆ ಮುಚ್ಚಿಡೋದು ಬೇಡ, ಮೂಸಿ ನೋಡೋ ಕೆಲ್ಸ ನಂದು ಅಂದೆ."

ಈಗ ಸುರಭಿ ಬೆಳಗ್ಗೆಯೇ ಬಂದು ಒಂದೊಂದು ಡಬ್ಬಿಯನ್ನೂ ಮೂಸುತ್ತಾರೆ. ಅವರು ಸರಿ ಎನ್ನುವವರೆಗೆ ಕಾವಲಿ ಒಲೆ ಏರುವುದಿಲ್ಲ. ಬದರಿನಾಥರ ಮನೆಗೆ ಇಂದ್ರಾಣಿ ತಾವೇ ಹೋಗಿ ಕ್ಷಮೆ ಕೇಳಿದರಂತೆ. ಅವರು ಮುಂದಿನ ಭಾನುವಾರವೇ ಬಂದು ಅದೇ ಮೂಲೆಯಲ್ಲಿ ಕೂತರು. ಕಾಲು ಕೂಡಿಕೊಂಡ ಯಲ್ಲಯ್ಯನವರೂ ಮತ್ತೆ ಬನ್ನು ತರುತ್ತಾರೆ, ಮೊದಲ ತುತ್ತಿನ ಹಕ್ಕು ಬಿಟ್ಟುಕೊಟ್ಟಿಲ್ಲ.

ನನ್ನ ಮುಂದೆ ಬರ್ಗರ್ ಬರುತ್ತದೆ. ಕಚ್ಚುತ್ತೇನೆ. ಸೌಟು ಹಿಡಿದು ಎದುರಿಗೇ ನಿಂತಿದ್ದಾರೆ ಇಂದ್ರಾಣಿ.

"ಹೆಂಗೈತೆ?"

"ತುಂಬ ಚೆನ್ನಾಗಿದೆ."

"ಎಲ್ರೂ ಅಷ್ಟೇ ಹೇಳ್ತಾರೆ. ಸೂಪರ್ ಅಂತಾರೆ, ಸಖತ್ ಅಂತಾರೆ. ನೀವು ಬರೆಯೋರಲ್ವಾ, ಬಿಡ್ಸಿ ಹೇಳಿ ಮೇಡಂ."

ಪ್ರಯತ್ನಿಸುತ್ತೇನೆ. ಅಂಚು ಗರಿಗರಿ, ಒಳಗೆ ಬೆಣ್ಣೆಯಷ್ಟು ಮೆತ್ತಗೆ ಎನ್ನುತ್ತೇನೆ. ಅದು ಕೈಗೇ ಗೊತ್ತಾಗುತ್ತೆ, ಮುಂದೆ ಹೇಳಿ ಎನ್ನುತ್ತಾರೆ. ಮೊದಲು ಸಬ್ಬಸಿಗೆ ಬರುತ್ತದೆ, ನುಂಗಿದ ಮೇಲೆ ಅವರೆ ಮೂಗಿಗೇರುತ್ತದೆ, ಕಾಯಿ ಸುಲಿದ ಮೇಲೆ ಬೆರಳಿಗೆ ಅಂಟಿಕೊಳ್ಳುತ್ತದಲ್ಲ, ಅದೇ ಥರ ಎನ್ನುತ್ತೇನೆ. ಇಂದ್ರಾಣಿ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಾರೆ.

"ಹ್ಞೂಂ. ಹಂಗೇ ಇರೋದು," ಎನ್ನುತ್ತಾರೆ ಕೊನೆಗೆ.

ಊಟದ ಹೊತ್ತಿನ ಗದ್ದಲ ಮುಗಿದ ಮೇಲೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತೇವೆ. ವಾಸನೆ ಮರಳಿದರೆ ಮೊದಲು ಏನು ಮೂಸುತ್ತೀರಿ ಎಂದು ಕೇಳುತ್ತೇನೆ. ಅವರೆಕಾಯಿ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಮೊಬೈಲ್ ತೆಗೆದು ಒಂದು ಫೋಟೊ ತೋರಿಸುತ್ತಾರೆ: ಬೊಚ್ಚುಬಾಯಿ ತೆರೆದು ನಗುತ್ತಿರುವ ಎಳೆಗೂಸು, ಭಾಗ್ಯಜ್ಯೋತಿಯ ಮಗಳು.

"ನೀರು ಹಾಕೋದು ನಾನೇ. ಸಾಂಬ್ರಾಣಿ ಹಾಕ್ತೀನಿ. ಹೊಗೆ ಕಣ್ಣಿಗೆ ಗೊತ್ತಾಗ್ತೈತೆ, ನೀರು ಬರ್ತೈತೆ. ಮೂಗಿಗೆ ಏನೂ ಇಲ್ಲ. ಆಮೇಲೆ ಎತ್ಕೊಂಡು ನೆತ್ತಿ ಮೂಸ್ತೀನಿ. ನನ್ ಮಗಳ್ದು ಹೆಂಗಿತ್ತು ಅಂತ ನೆನಪೈತೆ. ಇವಳ್ದು ಹೆಂಗೈತೋ."

ಫೋಟೊದ ಮೇಲಿನ ಹಿಟ್ಟಿನ ಕಲೆಯನ್ನು ಸೆರಗಿನಿಂದ ಒರೆಸುತ್ತಾರೆ.

"ಆ ವಾಸ್ನೆ ಜಾಸ್ತಿ ದಿನ ಇರಲ್ಲ ಮೇಡಂ. ಮಕ್ಕಳು ಓಡಾಡೋಕೆ ಶುರು ಮಾಡಿದ್ರೆ ಹೋಗ್ಬಿಡ್ತೈತೆ. ಅಷ್ಟರೊಳಗೆ ಒಂದೇ ಒಂದ್ಸಲ ಬಂದ್ರೆ ಸಾಕು. ಆಮೇಲೆ ಬೇಕಾದ್ರೆ ಮತ್ತೆ ಹೋಗ್ಲಿ."