ಬಕೀಟು ಎಂದ ಮಾಳಿಂಗಪ್ಪ

ದಾವಣಗೆರೆಯ ವಿದ್ಯಾನಗರದಲ್ಲಿ ಹಾಸ್ಟೆಲ್ ಹುಡುಗಿಯರಿಗೆ ಮೆಸ್ ನಡೆಸುತ್ತಿದ್ದ ನಾಗಕ್ಕನಿಗೆ ಬೆಳಗಿನ ತಿಂಡಿಯ ಗದ್ದಲ ಮುಗಿಯುವುದೇ ತಡ, ಕೈ ಪೇಪರಿನ ಕಡೆ ಹೋಗುತ್ತಿತ್ತು. ಸುದ್ದಿಗಲ್ಲ, ಪದಬಂಧಕ್ಕೆ. ಅದನ್ನು ಮುಂದಿಟ್ಟುಕೊಂಡು ಹರಿಹರದಲ್ಲಿದ್ದ ಅಣ್ಣ ಮಾಳಿಂಗಪ್ಪನಿಗೆ ಫೋನ್ ಹಚ್ಚುತ್ತಿದ್ದಳು. ಹುಟ್ಟೂರು ಸಾರಥಿಯ ಹೊಲದ ಬದುವಿನ ಮೇಲೆ ಒಗಟು ಹೇಳಿಕೊಂಡು, ಜಗಳವಾಡಿಕೊಂಡು ಬೆಳೆದವರು. ಅರವತ್ತು ದಾಟಿದರೂ ಆ ಚಾಳಿ ಬಿಟ್ಟಿರಲಿಲ್ಲ. ಅವಳು ಸುಳಿವು ಓದಬೇಕು, ಅವನು ಉತ್ತರ ಹುಡುಕಬೇಕು. ಗಂಡ ತೀರಿಕೊಂಡ ಮೇಲೆ ನಾಗಕ್ಕ ಮನಸಾರೆ ನಗುತ್ತಿದ್ದದ್ದು ಆ ಹೊತ್ತಿನಲ್ಲೇ.

ಅವತ್ತು ಅಮಾವಾಸ್ಯೆ. ಅತ್ತಿಗೆ ದುರುಗವ್ವ ದೇವರ ದರ್ಶನಕ್ಕೆ ಉಕ್ಕಡಗಾತ್ರಿಗೆ ಹೋಗಿದ್ದಳು. ಮನೆಯಲ್ಲಿ ಮಾಳಿಂಗಪ್ಪ ಒಬ್ಬನೇ.

“ಅಣ್ಣಾ, ಎತ್ತಿನ ಹೆಗಲಿಗೇರೋ ಮರ. ಎರಡಕ್ಷರ. ಸಲೀಸೈತೆ, ಹೇಳು.”

“ಬಕೀಟು.”

ನಾಗಕ್ಕ ನಕ್ಕಳು. “ತಮಾಷಿ ಬ್ಯಾಡ. ಸಾರು ಒಲಿ ಮ್ಯಾಲೈತೆ.”

ಆ ಕಡೆಯಿಂದ ಬರೀ ಉಸಿರಾಟ. ಆಮೇಲೆ, “ನಾಗಿ... ಅದು... ಬಕೀಟು.”

ಮಾತು ಬಾಯಲ್ಲಿ ಅನ್ನ ತುಂಬಿಕೊಂಡವನ ಮಾತಿನಂತಿತ್ತು. ಅವಳ ನಗು ಅಲ್ಲೇ ನಿಂತಿತು. ಪೇಪರಿನಲ್ಲಿ ಇಲ್ಲದ ಪ್ರಶ್ನೆ ಕೇಳಿದಳು. “ಅಣ್ಣಾ, ಅತ್ತಿಗಿ ಹೆಸರೇನು?”

“ಬ... ಬಕೀಟು.”

ಅತ್ತೆಗೆ ಲಕ್ವ ಹೊಡೆದ ಬೆಳಿಗ್ಗೆಯೂ ಮಾತು ಹೀಗೇ ತೊದಲಿದ್ದು ನಾಗಕ್ಕನಿಗೆ ನೆನಪಾಯಿತು. ನಿದ್ದೆಗಣ್ಣಿರಬೇಕು ಎಂದು ಮನೆಯವರು ಸುಮ್ಮನಿದ್ದರು. ಸಂಜೆಗೆ ಮುದುಕಿಯ ಒಂದು ಮೈ ಪೂರ್ತಿ ಬಿದ್ದುಹೋಗಿತ್ತು.

“ಆಶಾ, ನಿನ್ನ ಫೋನ್ ತಾ!” ಎಂದು ಕೂಗಿದಳು. ರೊಟ್ಟಿ ತಟ್ಟುತ್ತಿದ್ದ ಆಶಾರಾಣಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಾಗಕ್ಕ ಆ ಫೋನಿನಿಂದ ಅಣ್ಣನ ಪಕ್ಕದ ಮನೆಯ ಮಕ್ತುಮ್ ಸಾಬರನ್ನು ಹಿಡಿದು, ಅಣ್ಣನನ್ನು ನೋಡಲು ಓಡಿಸಿದಳು. ಒಂದು ಕಿವಿಗೆ ಅಣ್ಣ, ಇನ್ನೊಂದಕ್ಕೆ ಸಾಬರು.

“ನಾಗಕ್ಕ, ಬಾಗಿಲಿಗೆ ಒಳಗಿಂದ ಅಗಳಿ ಹಾಕೈತಿ. ಬಡಿದ್ರೂ ತಗೀವಲ್ಲ.”

“ಅಣ್ಣಾ, ಸಾಬ್ರು ಬಂದಾರ. ಎದ್ದು ಅಗಳಿ ತಗಿ. ನಿಧಾನಕ್ಕ ಏಳು.”

ಕುರ್ಚಿ ಎಳೆದ ಸದ್ದಾಯಿತು. ಬೆನ್ನಿಗೇ ಏನೋ ದೊಪ್ಪನೆ ಬಿತ್ತು. ತಂಬಿಗೆಯೊಂದು ಉರುಳಿ ಉರುಳಿ ನಿಂತಿತು.

“ಸಾಬ್ರೇ, ಬಾಗ್ಲು ಮುರೀರಿ!”

“ಮುರೀಲಾ? ಹೊಸಾ ಬಾಗ್ಲವ್ವ ಇದು...”

“ನಾ ಹೇಳ್ತೀನಿ, ಮುರೀರಿ! ಯಾರು ಏನಂದ್ರೂ ನನ್ನ ತಲಿ ಮ್ಯಾಲಿರ್ಲಿ!”

ಅಣ್ಣನ ಕಡೆಯ ಫೋನು ಇನ್ನೂ ಕಟ್ಟಾಗಿರಲಿಲ್ಲ. ಏನು ಹೇಳಬೇಕೋ ತೋಚದೆ ನಾಗಕ್ಕ ಮುಂದಿದ್ದ ಪೇಪರನ್ನೇ ನೋಡಿ ಓದತೊಡಗಿದಳು. “ಅಣ್ಣಾ, ಕೇಳು. ರಾತ್ರಿ ಬೆಳಕು ಕೊಡುವವ, ಮೂರಕ್ಷರ. ಹೊಳೆ ದಾಟಿಸುವುದು, ಎರಡಕ್ಷರ. ಕೇಳ್ತೈತಾ?” ಅಕ್ಷರಗಳು ಕಣ್ಣಿಗೆ ಮಂಜಾದವು. ಆದರೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅಣ್ಣ ಹೋಗಿಬಿಡುತ್ತಾನೆ ಎಂಬ ಹೆದರಿಕೆ. ಕೊನೆಗೆ ಎರಡೂ ಫೋನುಗಳಲ್ಲಿ ಒಟ್ಟಿಗೇ ಬಾಗಿಲು ಮುರಿದ ಸದ್ದು ಕೇಳಿಸಿತು.

“ಉಸಿರೈತೆ, ನಾಗಕ್ಕ! ಬಾಯಿ ಸೊಟ್ಟಗಾಗೈತೆ. ಆಟೋ ತರಿಸೀನಿ.”

“ಅಲ್ಲೆಲ್ಲೂ ನಿಲ್ಲಬ್ಯಾಡ್ರಿ, ಸೀದಾ ದಾವಣಗೆರಿಗೆ ಬರ್ರಿ. ದೊಡ್ಡಾಸ್ಪತ್ರಿ ಗೇಟಿನಾಗ ನಾ ನಿಂತಿರ್ತೀನಿ.”

ಗೇಟಿನಲ್ಲಿ ಬಂದ ಪ್ರತಿ ಆಟೋಗೂ ಅವಳು ಬಗ್ಗಿ ನೋಡಿದಳು. ಕೊನೆಗೆ ಬಂದ ಒಂದರಲ್ಲಿ ಮಾಳಿಂಗಪ್ಪ ಸಾಬರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಸ್ಕ್ಯಾನ್ ಆಯಿತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಇಂಜೆಕ್ಷನ್ ಕೊಡಬೇಕು, ಅದರಲ್ಲೂ ಅಪಾಯ ಇಲ್ಲದಿಲ್ಲ ಎಂದರು ಡಾಕ್ಟರು. ದುರುಗವ್ವನ ಫೋನು ಹತ್ತುತ್ತಿರಲಿಲ್ಲ. ನಾಗಕ್ಕನೇ ಸಹಿ ಹಾಕಿದಳು.

ಸಂಜೆ ದುರುಗವ್ವ ಅಳುತ್ತಾ ಬಂದಾಗ ಮಾಳಿಂಗಪ್ಪ ಕಣ್ಣು ಬಿಟ್ಟಿದ್ದ. “ಬೇಗ ತಂದ್ರಿ, ಅದಕ್ಕೇ ಉಳಿದ್ರು” ಎಂದರು ಡಾಕ್ಟರು.

ಜೀವ ಉಳಿಯಿತು, ಮಾತು ಮಾತ್ರ ಚೆಲ್ಲಾಪಿಲ್ಲಿಯಾಗಿತ್ತು. ನೀರು ಬೇಕಾದರೆ ಹಗ್ಗ ಎನ್ನುವನು. ತಪ್ಪಿದ್ದು ತಿಳಿದು ಎಡಗೈಯಿಂದ ಹಣೆ ಬಡಿದುಕೊಳ್ಳುವನು. ಪದ ಹುಡುಕುವ ಅಭ್ಯಾಸ ಮಾಡಿಸಿ, ಉತ್ತರ ಮಾತ್ರ ನೀವು ಹೇಳಬೇಡಿ ಎಂದಿದ್ದರು ಡಾಕ್ಟರು. ನಾಗಕ್ಕ ಪ್ರತಿ ಭಾನುವಾರ ಮಧ್ಯಾಹ್ನದ ಊಟ ಬಡಿಸಿ ಹರಿಹರದ ಬಸ್ಸು ಹತ್ತುವಳು. ಸುಳಿವು ಓದಿ ಕಾಯುವಳು. ಅಣ್ಣನ ತುಟಿ ಅಲುಗುವುದು, ಕತ್ತಿನ ನರ ಉಬ್ಬುವುದು, ಮಾತು ಹೊರಡದು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂರುವಳು.

ಒಂದು ಭಾನುವಾರ ಅದನ್ನು ನೋಡಲಾರದೆ ದುರುಗವ್ವ ಅಡುಗೆಮನೆಯಿಂದಲೇ “ಜೋಳ ಅನ್ರಿ, ಜೋಳ!” ಎಂದುಬಿಟ್ಟಳು.

ಮಾಳಿಂಗಪ್ಪನ ಮುಖ ಕೆಂಪಾಯಿತು. “ನೀ... ಸುಮ್... ಸುಮ್ನಿರಲೇ! ನಾ ಹೇಳ್ತಿದ್ದೆ!”

ದುರುಗವ್ವ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ಬಂದು ನಿಂತಳು. ಗಂಡನ ಬೈಗುಳದಲ್ಲಿ ಒಂದು ಪದವೂ ತಪ್ಪಿರಲಿಲ್ಲ. ನಾಗಕ್ಕ ಕಣ್ಣೊರೆಸಿಕೊಂಡು, “ಮುಂದಿಂದು ಓದ್ಲಾ, ಅಣ್ಣಾ?” ಎಂದಳು.